ಒಗ್ಗರಣೆಗೆ ಯಾವ ಎಣ್ಣೆ? ಹೃದಯ, ಉರಿಯೂತ ಮತ್ತು ನಮ್ಮ ಅಡುಗೆಮನೆಯ ಆಯ್ಕೆಗಳು

ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿ, ಮೈಸೂರಿನಿಂದ ಪಾಂಡವಪುರದ ಹತ್ತಿರವಿರುವ ನಮ್ಮೂರಿಗೆ ಕರೆದುಕೊಂಡು ಹೋದೆವು. ಸಂಜೆ ಆಗುವಷ್ಟರಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಮೂರು ಥರದ ಎಣ್ಣೆ ಬಂದು ಕೂತಿತ್ತು. ಚಿಕ್ಕಪ್ಪ ಗಾಣದ ಕಡಲೆಕಾಯಿ ಎಣ್ಣೆ ತಂದಿದ್ದರು. ಅತ್ತಿಗೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ಕೊಟ್ಟು, 'ಸನ್‌ಫ್ಲವರ್ ಮುಟ್ಟಲೇಬೇಡಿ, ಅದು ಮೈಯೊಳಗೆ ಉರಿ ಎಬ್ಬಿಸುತ್ತದೆ' ಅಂದರು. ನಾನು ಮೈಸೂರಿನಿಂದ ಹೊತ್ತುಕೊಂಡು ಹೋಗಿದ್ದೇ ಸನ್‌ಫ್ಲವರ್ ಎಣ್ಣೆ.

ಅವ್ವ ಮೂರನ್ನೂ ನೋಡಿ ಕೇಳಿದ್ದು ಇಷ್ಟೇ: 'ನಾಳಿಕೆ ಸಾರಿಗೆ ಯಾವ್ದ್ ಹಾಕ್ಲವ್ವ?'

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಡಾಕ್ಟರನ್ನು ಕೇಳಿದೆ, ಎರಡು ಮನೆಯ ಅಡುಗೆಯನ್ನೂ ಅಳೆದು ನೋಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಸಿಗುವ, ನಾವು ನಿಜವಾಗಿ ಬಳಸುವ ಎಣ್ಣೆಗಳ ಬಗ್ಗೆ ಮಾತ್ರ.

ಉರಿಯೂತ ಅಂದರೆ ಏನು, ಎಣ್ಣೆಗೂ ಅದಕ್ಕೂ ಏನು ಸಂಬಂಧ

ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ಸುತ್ತ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಬಿಸಿ ಆಗುತ್ತದೆ. ಅದು ಉರಿಯೂತ. ಗಾಯ ಮಾಯಲು ಅದು ಬೇಕು. ನಾಲ್ಕು ದಿನದಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ತೊಂದರೆ ಇರುವುದು ಹೋಗದೆ ಉಳಿಯುವ ಉರಿಯೂತದಲ್ಲಿ. ರಕ್ತದಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟರಾಲ್ ಜಾಸ್ತಿ ಇದ್ದರೆ ಅದು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ, ಕೊಬ್ಬು ತಿಂದು ಊದಿ ಅಲ್ಲೇ ಉಳಿದುಬಿಡುತ್ತವೆ. ಗೋಡೆಯಲ್ಲಿ ಒಂದು ಗಂಟು ಬೆಳೆಯುತ್ತದೆ. ಸಣ್ಣಗೆ, ನೋವಿಲ್ಲದೆ, ವರ್ಷಗಟ್ಟಲೆ. ಒಂದು ದಿನ ಆ ಗಂಟಿನ ಮೇಲಿನ ಪೊರೆ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ರಕ್ತನಾಳದಲ್ಲಿ ಹೀಗಾದರೆ ಅದೇ ಹಾರ್ಟ್ ಅಟ್ಯಾಕ್.

ಉರಿಯೂತವೇ ಒಂದು ಕಾರಣ ಹೌದೋ ಅಲ್ಲವೋ ಅನ್ನುವ ಅನುಮಾನ ತುಂಬಾ ಕಾಲ ಇತ್ತು. 2017ರಲ್ಲಿ ಕ್ಯಾಂಟೋಸ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ 10,061 ಜನರಲ್ಲಿ ಕೊಲೆಸ್ಟರಾಲನ್ನು ಮುಟ್ಟದೆ, ಉರಿಯೂತವನ್ನು ಮಾತ್ರ ಇಳಿಸುವ ಒಂದು ಇಂಜೆಕ್ಷನ್ ಕೊಟ್ಟು ನೋಡಿದರು. 150 ಮಿಲಿಗ್ರಾಂ ಪಡೆದವರಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಇವೆಲ್ಲ ಸೇರಿ ಶೇ. 15ರಷ್ಟು ಕಡಿಮೆಯಾಯಿತು. ಆದರೆ ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದರು. ಉರಿಯೂತ ಪೂರ್ತಿ ಇಲ್ಲದಿದ್ದರೂ ಮೈಗೆ ಕಷ್ಟ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಇನ್ನು ಎಣ್ಣೆ. ಯಾವ ಎಣ್ಣೆ ತೆಗೆದುಕೊಂಡರೂ ಅದು ಕೆಲವು ಬಗೆಯ ಕೊಬ್ಬಿನಾಮ್ಲಗಳ ಮಿಶ್ರಣ. ಸ್ಯಾಚುರೇಟೆಡ್, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಜಾತಿ. ತುಪ್ಪ, ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ, ಮಟನ್ ಕೊಬ್ಬಿನಲ್ಲಿ ಇದು ಹೆಚ್ಚು. ಇದು ಎಲ್‌ಡಿಎಲ್ ಏರಿಸುತ್ತದೆ. ಮೋನೋ ಅನ್‌ಸ್ಯಾಚುರೇಟೆಡ್, ಅದರಲ್ಲಿ ಮುಖ್ಯವಾದದ್ದು ಓಲಿಯಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ಆಮೇಲೆ ಪಾಲಿ ಅನ್‌ಸ್ಯಾಚುರೇಟೆಡ್. ಇದರಲ್ಲಿ ಎರಡು ಮನೆತನ: ಒಮೆಗಾ-6 ಮತ್ತು ಒಮೆಗಾ-3. ಇವೆರಡನ್ನೂ ನಮ್ಮ ಮೈ ತಾನೇ ಮಾಡಿಕೊಳ್ಳಲಾರದು. ಊಟದಿಂದಲೇ ಬರಬೇಕು.

ಮೈಯಲ್ಲಿ ಉರಿ, ನೋವು, ಊತ ಎಬ್ಬಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಬಹುಪಾಲು ಒಮೆಗಾ-6ರ ಮನೆತನದ ಅರಾಕಿಡೋನಿಕ್ ಆಮ್ಲದಿಂದ ಹುಟ್ಟುತ್ತವೆ. ಅಪ್ಪ ದಿನಾ ನುಂಗುವ ಆಸ್ಪಿರಿನ್ ತಡೆಯುವುದು ಇದೇ ಕೆಲಸವನ್ನು. ಅದನ್ನು ಕಂಡುಹಿಡಿದ ಜಾನ್ ವೇನ್ ಮತ್ತು ಇನ್ನಿಬ್ಬರಿಗೆ 1982ರಲ್ಲಿ ನೊಬೆಲ್ ಬಂತು. ಮೀನಿನಲ್ಲಿರುವ ಇಪಿಎ ಅನ್ನುವ ಒಮೆಗಾ-3, ಈ ರಾಸಾಯನಿಕಗಳನ್ನು ಮಾಡುವ ಕಿಣ್ವದ ಮುಂದೆ ಸಾಲಿನಲ್ಲಿ ನಿಂತು ಜಾಗ ಹಿಡಿಯುತ್ತದೆ. ಆಗ ಹುಟ್ಟುವ ರಾಸಾಯನಿಕಗಳ ಖಾರ ಕಡಿಮೆ. ಅಷ್ಟೇ ಅಲ್ಲ, ಉರಿಯೂತ ಎದ್ದ ಮೇಲೆ ಅದನ್ನು ಮುಗಿಸಿ ಮನೆಗೆ ಕಳಿಸುವ ರಿಸಾಲ್ವಿನ್‌ಗಳೂ ಒಮೆಗಾ-3ರಿಂದಲೇ ಆಗುತ್ತವೆ.

ಹಾಗಾದರೆ ಸನ್‌ಫ್ಲವರ್ ಉರಿ ಎಬ್ಬಿಸುತ್ತದೆಯೇ?

ಅತ್ತಿಗೆ ಹೇಳಿದ ಮಾತು ಹುಟ್ಟಿದ್ದು ಇಲ್ಲಿಂದಲೇ. ಸನ್‌ಫ್ಲವರ್ ಎಣ್ಣೆಯಲ್ಲಿ ಶೇ. 60ರ ಆಸುಪಾಸು ಲಿನೋಲಿಯಿಕ್ ಆಮ್ಲ, ಅಂದರೆ ಒಮೆಗಾ-6. ಒಮೆಗಾ-6ರಿಂದ ಅರಾಕಿಡೋನಿಕ್, ಅದರಿಂದ ಉರಿಯೂತ, ಆದ್ದರಿಂದ ಸನ್‌ಫ್ಲವರ್ ವಿಷ. ಕೇಳಲು ಲೆಕ್ಕ ಸರಿ ಇದೆ. ಆದರೆ ಮೈ ಹಾಗೆ ನಡೆಯುವುದಿಲ್ಲ. ತಿಂದ ಲಿನೋಲಿಯಿಕ್‌ನಲ್ಲಿ ಅರಾಕಿಡೋನಿಕ್ ಆಗುವುದು ತೀರಾ ಸ್ವಲ್ಪ. ಜಾಸ್ತಿ ತಿಂದರೂ ರಕ್ತದಲ್ಲಿ ಅರಾಕಿಡೋನಿಕ್ ಏರುವುದಿಲ್ಲ. ಜನರಿಗೆ ನಿಜವಾಗಿ ತಿನ್ನಿಸಿ ಸಿಆರ್‌ಪಿ ಮತ್ತಿತರ ಉರಿಯೂತದ ಗುರುತುಗಳನ್ನು ರಕ್ತದಲ್ಲಿ ಅಳೆದ ಪ್ರಯೋಗಗಳಲ್ಲೂ ಅವು ಹೆಚ್ಚಾಗಲಿಲ್ಲ. 2019ರಲ್ಲಿ 13 ದೇಶಗಳ 30 ಅಧ್ಯಯನಗಳನ್ನು, 68,000ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ರಕ್ತದಲ್ಲಿ ಲಿನೋಲಿಯಿಕ್ ಹೆಚ್ಚಿದ್ದವರಿಗೆ ಹೃದಯದ ಕಾಯಿಲೆ ಕಡಿಮೆಯೇ ಇತ್ತು.

ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1960-70ರ ದಶಕದ ಎರಡು ಹಳೆಯ ಪ್ರಯೋಗಗಳನ್ನು, ಸಿಡ್ನಿಯದು ಮತ್ತು ಮಿನೆಸೋಟಾದ್ದು, 2013 ಮತ್ತು 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಒಮೆಗಾ-6 ಎಣ್ಣೆಗೆ ಬದಲಾದವರಿಗೆ ಸಾವು ಕಡಿಮೆ ಆಗಿರಲಿಲ್ಲ. ಸಿಡ್ನಿಯಲ್ಲಿ ಜಾಸ್ತಿಯೇ ಆಗಿತ್ತು. ಅಲ್ಲಿ ಕೊಟ್ಟದ್ದು ಕುಸುಬೆ ಎಣ್ಣೆ ಮತ್ತು ಅದರಿಂದ ಬೆಣ್ಣೆಯಂತೆ ಮಾಡಿದ ಮಾರ್ಗರೀನ್. ಕುಸುಬೆ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೇ ಇಲ್ಲ ಅನ್ನಬಹುದು. ಆ ಕಾಲದ ಮಾರ್ಗರೀನ್‌ನಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬೂ ಇರುತ್ತಿತ್ತು.

ನನಗೆ ಅನ್ನಿಸಿದ್ದು ಹೀಗೆ: ಒಮೆಗಾ-6 ನಮ್ಮ ಶತ್ರು ಅಲ್ಲ. ನಮ್ಮ ಊಟದಲ್ಲಿ ಒಮೆಗಾ-3 ಇಲ್ಲದಿರುವುದೇ ಕೊರತೆ. ಸನ್‌ಫ್ಲವರ್ ಡಬ್ಬಿ ಎಸೆದು ಕೊಬ್ಬರಿ ಎಣ್ಣೆ ತಂದರೆ ಆ ಕೊರತೆ ತುಂಬುವುದಿಲ್ಲ. ಇದ್ದ ಎಣ್ಣೆ ಇರಲಿ, ಪಕ್ಕಕ್ಕೆ ಒಂದು ಚಮಚ ಅಗಸೆ ಬರಲಿ.

ಮೊದಲು ಅಳತೆ

ಎಣ್ಣೆಗಳನ್ನು ಹೋಲಿಸುವ ಮೊದಲು ಒಂದು ದಿನ ಅವ್ವನ ಪಕ್ಕ ನಿಂತುಕೊಂಡೆ. ಬಸ್ಸಾರಿಗೆ ಒಗ್ಗರಣೆ. ಅವ್ವ ಎಣ್ಣೆ ಗಿಂಡಿಯಿಂದ ಒಗ್ಗರಣೆ ಸೌಟಿಗೆ ಬಗ್ಗಿಸುವ ಮೊದಲು ನಾನು ತಡೆದೆ, ಔಷಧಿ ಬಾಟಲಿ ಜೊತೆ ಬಂದಿದ್ದ 5 ಎಂಎಲ್ ಚಮಚದಿಂದ ಹಾಕಿಸಿದೆ. ಒಂದು, ಎರಡು, ಮೂರು. 'ಇಷ್ಟ್ರಲ್ಲಿ ಸಾಸ್ವೆ ಸಿಡಿಯಾಕಿಲ್ಲ ಕಣವ್ವ' ಅಂದರು. ಐದಾಯಿತು. ಸೊಪ್ಪಿನ ಪಲ್ಯಕ್ಕೆ ಇನ್ನೊಂದು ನಾಲ್ಕು. ಒಂದು ಹೊತ್ತಿನ ಊಟಕ್ಕೆ 45 ಎಂಎಲ್, ಮೂರು ಜನಕ್ಕೆ. ಬೆಳಗಿನ ದೋಸೆ, ರಾತ್ರಿಯ ಒಗ್ಗರಣೆ ಬೇರೆ.

ಐಸಿಎಂಆರ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಅಂತ ಇದೆ. ಅಂದರೆ ಆರು ಟೀ ಚಮಚ, ತುಪ್ಪ ಬೆಣ್ಣೆಯನ್ನೂ ಸೇರಿಸಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಐದು ಲೀಟರಿನ ಕ್ಯಾನ್ ತಿಂಗಳು ಮುಗಿಯುವ ಮೊದಲೇ ಖಾಲಿ ಆಗುತ್ತಿತ್ತು. ನೀವೂ ಒಮ್ಮೆ ಕ್ಯಾನ್ ತೆರೆದ ತಾರೀಖನ್ನು ಅದರ ಮೇಲೆ ಬರೆದಿಡಿ. ಜನರ ಲೆಕ್ಕಕ್ಕೆ ಭಾಗಿಸಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಎಣ್ಣೆ ಯಾವುದೇ ಇರಲಿ. ಹೊಟ್ಟೆಯ ಸುತ್ತ ಸೇರುವ ಕೊಬ್ಬು ತಾನೇ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಆದ್ದರಿಂದ ಎಷ್ಟು ಅನ್ನುವುದೂ ಉರಿಯೂತದ ಪ್ರಶ್ನೆಯೇ.

ಒಂದು ಟೀ ಚಮಚದ ಲೆಕ್ಕದಲ್ಲಿ

2,000 ಕ್ಯಾಲೊರಿಯ ಊಟದಲ್ಲಿ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ. 10ನ್ನು ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನಕ್ಕೆ 22 ಗ್ರಾಂ. ಅರ್ಧ ಲೀಟರ್ ಟೋನ್ಡ್ ಹಾಲು ಕಾಫಿ, ಮೊಸರು ಅಂತ ಒಬ್ಬರ ಹೊಟ್ಟೆಗೆ ಹೋದರೆ ಅಲ್ಲೇ ಒಂಬತ್ತು ಗ್ರಾಂ ಆಯಿತು. ಉಳಿದದ್ದರಲ್ಲಿ ಎಣ್ಣೆ, ತುಪ್ಪ, ತೆಂಗಿನಕಾಯಿ ಎಲ್ಲ ಬರಬೇಕು.

ಒಂದು ಟೀ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 4 ಗ್ರಾಂ ಸ್ಯಾಚುರೇಟೆಡ್. ತುಪ್ಪದಲ್ಲಿ 3. ಪಾಮ್ ಎಣ್ಣೆಯಲ್ಲಿ 2. ಅಕ್ಕಿ ತೌಡಿನ ಎಣ್ಣೆ, ಕಡಲೆಕಾಯಿ ಎಣ್ಣೆಯಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ಒಳ್ಳೆಣ್ಣೆಯಲ್ಲಿ ಇನ್ನೂ ಕಡಿಮೆ. ಸನ್‌ಫ್ಲವರ್, ಸಾಸಿವೆ ಎಣ್ಣೆಯಲ್ಲಿ ಅರ್ಧ ಗ್ರಾಂ.

ಕಡಲೆಕಾಯಿ ಎಣ್ಣೆ ನಮ್ಮ ಮನೆಯ ಮುಖ್ಯ ಎಣ್ಣೆಯಾಗಿ ಉಳಿಯಿತು. ಅರ್ಧದಷ್ಟು ಓಲಿಯಿಕ್, ಮೂರನೇ ಒಂದು ಪಾಲು ಒಮೆಗಾ-6. ಬಿಸಿಗೆ ಸನ್‌ಫ್ಲವರ್‌ಗಿಂತ ಚೆನ್ನಾಗಿ ತಡೆಯುತ್ತದೆ. ಒಮೆಗಾ-3 ಮಾತ್ರ ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಓಲಿಯಿಕ್ ಅಂದ ಕೂಡಲೇ ಆಲಿವ್ ಎಣ್ಣೆಯ ನೆನಪು ಬರುತ್ತದೆ. ಸ್ಪೇನ್‌ನ ಪ್ರೆಡಿಮೆಡ್ ಪ್ರಯೋಗದಲ್ಲಿ ಆಲಿವ್ ಎಣ್ಣೆ ಜೊತೆ ಅಲ್ಲಿನ ಊಟ ಮಾಡಿದವರಿಗೆ ಹೃದಯ, ಸ್ಟ್ರೋಕ್ ತೊಂದರೆ ಸುಮಾರು ಶೇ. 30 ಕಡಿಮೆ ಆಗಿತ್ತು. ಆದರೆ ಅದು ಆ ಇಡೀ ಊಟದ ಫಲ. ಅವರ ತಟ್ಟೆಯಲ್ಲಿ ಮೀನು, ಕಾಳು, ತರಕಾರಿ ಎಲ್ಲ ಇತ್ತು. ಬಸ್ಸಾರಿಗೆ ದುಬಾರಿ ಆಲಿವ್ ಎಣ್ಣೆ ಹಾಕಿದರೆ ಅದೇ ಫಲ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆ ದುಡ್ಡಿಗೆ ಒಂದಿಷ್ಟು ವಾಲ್‌ನಟ್, ಎರಡು ಕೆಜಿ ತರಕಾರಿ ಬರುತ್ತದೆ.

ಗಾಣವೋ ರಿಫೈನ್ಡೋ ಅನ್ನುವುದು ಈಗ ಮೈಸೂರಿನಲ್ಲಿ ದಿನಾ ಕೇಳುವ ಪ್ರಶ್ನೆ. ಬಡಾವಣೆಗೊಂದು ಮರದ ಗಾಣದ ಅಂಗಡಿ ಆಗಿದೆ. ಒಂದು ಸಲ ಹೋಗಿ ನಿಂತು ನೋಡಿ. ಒರಳು ನಿಧಾನಕ್ಕೆ ತಿರುಗುತ್ತದೆ, ಕಡಲೆಬೀಜ ಪುಡಿಯಾಗಿ, ಮುದ್ದೆಯಾಗಿ, ಆಮೇಲೆ ಕೆಳಗಿನ ತೂತಿನಿಂದ ಮಸುಕು ಹಳದಿ ಎಣ್ಣೆ ಇಳಿಯುತ್ತದೆ. ಅಂಚಿನಲ್ಲಿ ಹಿಂಡಿ ಗಟ್ಟಿಯಾಗಿ ಕೂರುತ್ತದೆ. ಆ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತದೆ. ಆದರೆ ಕೊಬ್ಬಿನಾಮ್ಲದ ಲೆಕ್ಕದಲ್ಲಿ ಗಾಣದ ಕಡಲೆಕಾಯಿ ಎಣ್ಣೆಯೂ ರಿಫೈನ್ಡ್ ಕಡಲೆಕಾಯಿ ಎಣ್ಣೆಯೂ ಒಂದೇ. ಗಾಣದ್ದರಲ್ಲಿ ರುಚಿ, ವಿಟಮಿನ್ ಇ, ಬೀಜದ ಇತರ ಸಣ್ಣ ಸತ್ವಗಳು ಹೆಚ್ಚು ಉಳಿದಿರುತ್ತವೆ. ಬೇಗ ಹೊಗೆ ಬರುತ್ತದೆ, ಬೇಗ ಕೆಡುತ್ತದೆ. ರೇಟೂ ಜಾಸ್ತಿ. ನಾನು ಗಾಣದ್ದನ್ನು ಒಗ್ಗರಣೆ, ಚಟ್ನಿಗೆ ಇಟ್ಟುಕೊಂಡಿದ್ದೇನೆ. ಕರಿಯಲು ರಿಫೈನ್ಡ್ ಸಾಕು. ಗಾಣದ ಎಣ್ಣೆ ಅಂತ ಎರಡು ಸೌಟು ಜಾಸ್ತಿ ಬಗ್ಗಿಸುವವರಿಗೆ ಯಾವ ಲಾಭವೂ ಇಲ್ಲ. ಘಮ ಜಾಸ್ತಿ ಇರುವುದರಿಂದ ಕಡಿಮೆ ಹಾಕಿದರೂ ನಡೆಯುತ್ತದೆ ಅನ್ನುವುದೇ ಅದರ ನಿಜವಾದ ಉಪಕಾರ.

ಸನ್‌ಫ್ಲವರ್ ಒಂದನ್ನೇ ವರ್ಷವಿಡೀ ಬಳಸುವುದು ಬೇಡ. ಕಡಲೆಕಾಯಿ ಜೊತೆ ತಿಂಗಳು ಬಿಟ್ಟು ತಿಂಗಳು ತಂದರೆ ಸರಿ. ಇದರಲ್ಲಿ ಪದೇ ಪದೇ ಕರಿಯಬೇಡಿ. ಪಾಲಿ ಅನ್‌ಸ್ಯಾಚುರೇಟೆಡ್ ಜಾಸ್ತಿ ಇರುವ ಎಣ್ಣೆ ಬಿಸಿಗೆ ಬೇಗ ಹಾಳಾಗುತ್ತದೆ.

ಅಕ್ಕಿ ತೌಡಿನ ಎಣ್ಣೆ ಬತ್ತ ಬೆಳೆಯುವ ಮಂಡ್ಯದವರಿಗೆ ಪರಕೀಯ ಅನ್ನಿಸಬಾರದು. ಅದರ ಕೊಬ್ಬಿನಾಮ್ಲಗಳ ಹಂಚಿಕೆ ಕಡಲೆಕಾಯಿ ಎಣ್ಣೆಗೆ ಹತ್ತಿರ. ಒರೈಜನಾಲ್ ಅನ್ನುವ ಒಂದು ಸತ್ವ ಇದೆ, ಕೊಲೆಸ್ಟರಾಲ್ ಸ್ವಲ್ಪ ಇಳಿಸಲು ನೆರವಾಗುತ್ತದೆ. ಒಳ್ಳೆಣ್ಣೆ ಒಳ್ಳೆಯದೇ. ಗೊಜ್ಜು, ಪುಳಿಯೋಗರೆಗೆ ಅದನ್ನು ಬಿಟ್ಟು ಬೇರೆ ಹಾಕುವುದು ಹೇಗೆ?

ಸಾಸಿವೆ ಎಣ್ಣೆಗೆ ನಮ್ಮ ಕಡೆ ಮೂಗು ಮುರಿಯುತ್ತಾರೆ. ಆದರೆ ಮಾಮೂಲಿ ಅಂಗಡಿಯಲ್ಲಿ ಸಿಗುವ ಅಡುಗೆ ಎಣ್ಣೆಗಳಲ್ಲಿ ಗಟ್ಟಿಯಾಗಿ ಒಮೆಗಾ-3 ಇರುವುದು ಇದರಲ್ಲಿ ಮತ್ತು ಸೋಯಾ ಎಣ್ಣೆಯಲ್ಲಿ ಮಾತ್ರ. 2004ರಲ್ಲಿ ದೆಹಲಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ಸಾಸಿವೆ ಎಣ್ಣೆ ಬಳಸುವವರಿಗೆ ಹೃದಯದ ಅಪಾಯ ಕಡಿಮೆ ಕಂಡಿತ್ತು. ಎರೂಸಿಕ್ ಅನ್ನುವ ಕೊಬ್ಬಿನಾಮ್ಲ ಹೆಚ್ಚಿರುವುದು ಇದರ ಇನ್ನೊಂದು ಮುಖ. ಯೂರೋಪಿನಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. ಅಭ್ಯಾಸ ಇಲ್ಲದವರು ಇದಕ್ಕೆ ಪೂರ್ತಿ ಬದಲಾಗುವ ಅಗತ್ಯವಿಲ್ಲ. ಮೀನು ಹುರಿಯಲು ಒಂದೆರಡು ಚಮಚ ಹಾಕಿ ನೋಡಿ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಅತ್ತಿಗೆಗೆ ಬೇಸರ ಆಗುತ್ತದೆ ಅಂತ ಗೊತ್ತಿದ್ದೂ ನೇರವಾಗಿ ಹೇಳಬೇಕಾಯಿತು. 2020ರಲ್ಲಿ ಹಲವು ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಬೇರೆ ಸಸ್ಯದ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲನ್ನು ಸುಮಾರು 10 ಅಂಕ ಏರಿಸಿತ್ತು. ಒಳ್ಳೆಯ ಕೊಲೆಸ್ಟರಾಲೂ ಸ್ವಲ್ಪ ಏರುತ್ತದೆ, ಅದು ನಿಜ. ಆದರೆ ಉರಿಯೂತದ ಗುರುತುಗಳು ಇಳಿಯಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಇದು ದಿನನಿತ್ಯದ ಎಣ್ಣೆ ಆಗಬಾರದು. ಸಾರಿಗೆ ತುರಿದು ಹಾಕುವ ಹಸಿ ಕಾಯಿ ಬೇರೆ ವಿಷಯ. ಅದರಲ್ಲಿ ನಾರು, ನೀರು ಇರುತ್ತದೆ, ಒಬ್ಬರ ಪಾಲಿಗೆ ಬರುವುದೂ ಸ್ವಲ್ಪ. ಅವ್ವ ಅರ್ಧ ಹೋಳನ್ನು ಕಾಲು ಹೋಳು ಮಾಡಿದ್ದಾರೆ.

ತುಪ್ಪವನ್ನು ನಾನು ಬಿಡಿಸಲಿಲ್ಲ. ಬಿಸಿ ರಾಗಿ ಮುದ್ದೆಗೆ ಒಂದು ಟೀ ಚಮಚ, ದಿನಕ್ಕೆ ಒಂದೇ ಸಲ. ಅದು ಅಪ್ಪನ ಊಟದ ಸುಖ. ಬನ್ನೂರು ಕುರಿಯ ಮಟನ್ ಊಟ ಇದ್ದ ದಿನ ತುಪ್ಪ ಇಲ್ಲ. ಆ ಮಾಂಸ ಹೆಸರುವಾಸಿ ಆದದ್ದೇ ಅದರ ಕೊಬ್ಬಿನಿಂದ. ಚರ್ಬಿಯ ತುಂಡುಗಳನ್ನು ಅವ್ವ ಕುಯ್ಯುವಾಗಲೇ ತೆಗೆದಿಡುತ್ತಾರೆ.

ವನಸ್ಪತಿ ಬೇಡವೇ ಬೇಡ. ಅದರಿಂದ ಬರುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಸುತ್ತದೆ, ಉರಿಯೂತವನ್ನೂ ಹೆಚ್ಚಿಸುತ್ತದೆ. ಮೂರೂ ಕೆಟ್ಟದ್ದನ್ನು ಒಟ್ಟಿಗೆ ಮಾಡುವ ಕೊಬ್ಬು ಇದೊಂದೇ. ದಿನದ ಕ್ಯಾಲೊರಿಯಲ್ಲಿ ಶೇ. 2ರಷ್ಟು ಇದು ಸೇರಿದರೆ ಹೃದಯದ ಕಾಯಿಲೆ ಶೇ. 23ರಷ್ಟು ಹೆಚ್ಚು ಅಂತ 2006ರಲ್ಲೇ ಲೆಕ್ಕ ಹಾಕಿದ್ದರು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಮಿತಿಯನ್ನು ಶೇ. 3ಕ್ಕೆ, 2022ರಲ್ಲಿ ಶೇ. 2ಕ್ಕೆ ಇಳಿಸಿತು. ಇದು ದೊಡ್ಡ ಕೆಲಸ. ಆದರೂ ಬೇಕರಿಯ ಪಫ್ಸ್, ಬೆಣ್ಣೆ ಬಿಸ್ಕತ್ತು, ಕ್ರೀಂ ಬನ್ನಿನಲ್ಲಿ ಟ್ರಾನ್ಸ್ ಹೋದ ಜಾಗಕ್ಕೆ ಹೆಚ್ಚಾಗಿ ಬರುವುದು ಪಾಮ್ ಕೊಬ್ಬು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇದಕ್ಕೆ ಹತ್ತಿರದ ಅಪಾಯ. ಹೋಟೆಲು, ಗಾಡಿಗಳಿಗೆ ಕಾನೂನು ಇದೆ: ಎಣ್ಣೆಯಲ್ಲಿ ಹಾಳಾದ ಅಂಶ ಶೇ. 25 ದಾಟಿದರೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವವರು ಯಾರು? ಎಣ್ಣೆ ಕಪ್ಪಾಗಿದ್ದರೆ, ಅಂಟಂಟಾಗಿದ್ದರೆ, ನೊರೆ ಬರುತ್ತಿದ್ದರೆ ಚೆಲ್ಲಿಬಿಡಿ. ನಾವು ಹಪ್ಪಳ, ವಡೆ ಕರಿಯಲು ಈಗ ಸಣ್ಣ ಬಾಣಲೆ ಇಟ್ಟುಕೊಂಡಿದ್ದೇವೆ. ಉಳಿಯುವ ಎಣ್ಣೆಯೇ ಕಡಿಮೆ. ಅದನ್ನು ಸೋಸಿ ಎರಡು ದಿನದೊಳಗೆ ಪಲ್ಯಕ್ಕೆ ಮುಗಿಸುತ್ತೇವೆ, ಮತ್ತೆ ಕರಿಯುವುದಿಲ್ಲ. ಮದ್ದೂರು ವಡೆ ತಿಂಗಳಿಗೊಮ್ಮೆ, ಬಿಸಿ ಇದ್ದಾಗ.

ಎಣ್ಣೆ ಬಿಟ್ಟು ಏನು ತಿಂದಿರಿ?

ಹೋಲಿಕೆ ಮಾಡುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಸ್ಟೆಂಟ್‌ಗೆ ಎರಡು ವರ್ಷ ಮೊದಲೇ ಅಪ್ಪನಿಗೆ ಕೊಲೆಸ್ಟರಾಲ್ ಜಾಸ್ತಿ ಅಂತ ಗೊತ್ತಾಗಿತ್ತು. ಭಯಪಟ್ಟು ಎಣ್ಣೆ, ತುಪ್ಪ, ಕಡಲೆಬೀಜ ಎಲ್ಲ ಬಿಟ್ಟರು. ಹಸಿವಿಗೆ ಇನ್ನೊಂದು ಸೌಟು ಬಿಳಿ ಅನ್ನ ಬಂತು. ಸಂಜೆ ಸಕ್ಕರೆ ಹಾಕಿದ ಕಾಫಿಗೆ ನಾಲ್ಕು ರಸ್ಕ್ ಬಂತು. ಆರು ತಿಂಗಳ ನಂತರ ಎಲ್‌ಡಿಎಲ್ ಸ್ವಲ್ಪ ಇಳಿದಿತ್ತು, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಮಾತ್ರ ಮೇಲೆ ಹೋಗಿ ಕೂತಿತ್ತು.

ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಸಕ್ಕರೆ, ಮೈದಾ, ಪಾಲಿಶ್ ಅಕ್ಕಿ ಬಂದರೆ ಹೃದಯಕ್ಕೆ ಲಾಭ ಇಲ್ಲ. ಆ ಜಾಗಕ್ಕೆ ಪಾಲಿ ಅಥವಾ ಮೋನೋ ಕೊಬ್ಬು, ಕಾಳು, ಬೀಜ ಬಂದರೆ ಲಾಭ. ಆದ್ದರಿಂದ ಯಾರಾದರೂ 'ಇದು ಒಳ್ಳೆಯದಾ?' ಅಂತ ಕೇಳಿದರೆ, 'ಯಾವುದರ ಬದಲಿಗೆ?' ಅಂತ ತಿರುಗಿ ಕೇಳಿ. ರಸ್ಕ್ ಬದಲಿಗೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಒಳ್ಳೆಯದು. ಮೊಳಕೆ ಹುರುಳಿ ಉಸಲಿ ಬದಲಿಗೆ ಅದೇ ಕಡಲೆಕಾಯಿ ಅಂದರೆ ಅಂಥ ಲಾಭವಿಲ್ಲ.

ಒಮೆಗಾ-3: ಅಗಸೆ, ಚಿಯಾ, ಮೀನು, ಮಾತ್ರೆ

ನಮ್ಮ ಕಡೆ ಚಟ್ನಿ ಪುಡಿ ಅಂದರೆ ಹುಚ್ಚೆಳ್ಳು. ನನಗೂ ತುಂಬಾ ಇಷ್ಟ. ಅದರಲ್ಲೂ ಒಮೆಗಾ-3 ಇರಬೇಕು ಅಂದುಕೊಂಡಿದ್ದೆ. ಇಲ್ಲ, ಅದು ಪೂರ್ತಿ ಒಮೆಗಾ-6 ಕಡೆಯದು. ಅಗಸೆ ಬೇರೆ. ಅದರ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಎಎಲ್‌ಎ ಅನ್ನುವ ಒಮೆಗಾ-3. ಒಂದು ಊಟದ ಚಮಚ ಅಗಸೆ ಪುಡಿ, ಅಂದರೆ ಏಳು ಗ್ರಾಂ, ಒಂದೂವರೆ ಗ್ರಾಂನಷ್ಟು ಎಎಲ್‌ಎ ಕೊಡುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಅವ್ವ ಹುಚ್ಚೆಳ್ಳು ಪುಡಿಗೆ ಅರ್ಧಕ್ಕರ್ಧ ಅಗಸೆ ಬೆರೆಸಿದರು. ಸಣ್ಣ ಉರಿಯಲ್ಲಿ ಚಟಪಟ ಅನ್ನುವಷ್ಟು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಹಾಕಿ ಕುಟ್ಟಿದರು. ಅಪ್ಪನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬೀಜವನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ಪುಡಿ ಬೇಗ ಕಮಟುತ್ತದೆ, ವಾರಕ್ಕಾಗುವಷ್ಟು ಮಾತ್ರ ಮಾಡಿ ಫ್ರಿಜ್ಜಿನಲ್ಲಿಡಿ. ಅಗಸೆ ಎಣ್ಣೆಯನ್ನು ಒಗ್ಗರಣೆಗೆ ಬಳಸಬೇಡಿ.

ಚಿಯಾ ಬೀಜದಲ್ಲೂ ಒಮೆಗಾ-3 ಚೆನ್ನಾಗಿದೆ. ಅದು ಅಮೆರಿಕ ಖಂಡದ ಬೆಳೆಯಾದರೂ ನಮಗೆ ದೂರದ್ದಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮ್ಮ ರೈತರಿಗೆ ಇದರ ಬೀಜ ಕೊಟ್ಟು ಬೆಳೆಯುವುದನ್ನು ಹೇಳಿಕೊಟ್ಟಿತು, ಎಚ್.ಡಿ. ಕೋಟೆ ಕಡೆ ಹೊಲಗಳಲ್ಲಿ ಬೆಳೆದರು. ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜ ನೋಡಲು ಹಾಗೇ ಕಾಣುತ್ತದೆ, ಆದರೆ ಎರಡೂ ಬೇರೆ. ರೇಟಿನ ಲೆಕ್ಕದಲ್ಲಿ ನನ್ನ ಮತ ಅಗಸೆಗೇ.

ಒಂದು ಮಿತಿ ಇದೆ. ಬೀಜದ ಎಎಲ್‌ಎ ಮೈಯಲ್ಲಿ ಇಪಿಎ ಆಗಿ, ಡಿಎಚ್‌ಎ ಅನ್ನುವ ಇನ್ನೊಂದು ಒಮೆಗಾ-3 ಆಗಿ ಬದಲಾಗುವುದು ತೀರಾ ಕಡಿಮೆ. ಉರಿಯೂತದ ಸಾಲಿನಲ್ಲಿ ನಿಲ್ಲುವ ಆ ಎರಡು ನೇರವಾಗಿ ಸಿಗುವುದು ಮೀನಿನಲ್ಲಿ. ಅದೂ ಬೂತಾಯಿ, ಬಂಗಡೆಯಂಥ ಕಡಲ ಮೀನಿನಲ್ಲಿ. ಮಂಗಳೂರು ಕಡೆಯಿಂದ ಐಸಿನ ಪೆಟ್ಟಿಗೆಯಲ್ಲಿ ಮೈಸೂರಿಗೆ ಬರುವ ಮೀನುಗಳಲ್ಲಿ ಅಗ್ಗದವೂ ಇವೇ. ಅಂಜಲ್‌ಗೆ ಕೊಡುವ ದುಡ್ಡು ಹೆಸರಿಗೆ. ನಮ್ಮ ಕೆರೆಗಳ ಕಾಟ್ಲಾ, ರೋಹು ಒಳ್ಳೆಯ ಪ್ರೋಟೀನು, ಆದರೆ ಇಪಿಎ, ಡಿಎಚ್‌ಎ ಕಡಲ ಮೀನಿನಷ್ಟು ಇರುವುದಿಲ್ಲ. ವಾರಕ್ಕೆ ಎರಡು ಸಲ, ಸಾರು ಮಾಡಿ ಅಥವಾ ಕಾವಲಿಯಲ್ಲಿ ಸ್ವಲ್ಪ ಎಣ್ಣೆಗೆ ಬೇಯಿಸಿ. ಕರಿದ ಮೀನಿನಲ್ಲಿ ಆ ಲಾಭ ಉಳಿಯುವುದಿಲ್ಲ. ಮೀನು ತಿನ್ನದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆಗಳು ಇವೆ.

ಮೀನೆಣ್ಣೆ ಮಾತ್ರೆಯನ್ನು ಈಗ ಯಾರ್ಯಾರೋ ತಾವಾಗೇ ತೆಗೆದುಕೊಳ್ಳುತ್ತಾರೆ. ಇಲ್ಲಿ ನಿಧಾನ ಮಾಡಿ. 1,000 ಮಿಲಿಗ್ರಾಂ ಅಂತ ಮುಂದೆ ಬರೆದಿದ್ದರೂ ಹಿಂದೆ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120 ಇರುತ್ತದೆ. ಉಳಿದದ್ದು ಬೇರೆ ಕೊಬ್ಬು. 2018ರ ವೈಟಲ್ ಪ್ರಯೋಗದಲ್ಲಿ 25,871 ಆರೋಗ್ಯವಂತರಲ್ಲಿ ಅರ್ಧದಷ್ಟು ಜನರಿಗೆ ದಿನಾ ಒಂದು ಗ್ರಾಂ ಮೀನೆಣ್ಣೆ, ಉಳಿದವರಿಗೆ ಒಳಗೆ ಔಷಧಿ ಇಲ್ಲದ ಸುಳ್ಳು ಮಾತ್ರೆ ಕೊಟ್ಟರು. ಹೃದಯದ ತೊಂದರೆಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅದೇ ವರ್ಷ ರೆಡ್ಯೂಸ್-ಇಟ್ ಪ್ರಯೋಗದಲ್ಲಿ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೂ ಟ್ರೈಗ್ಲಿಸರೈಡ್ ಇಳಿಯದ ರೋಗಿಗಳಿಗೆ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ಕೊಟ್ಟಾಗ ತೊಂದರೆಗಳು ಶೇ. 25 ಇಳಿದವು. ಹೋಲಿಕೆಗೆ ಖನಿಜ ತೈಲ ಬಳಸಿದ್ದರ ಬಗ್ಗೆ ಆಕ್ಷೇಪಗಳಿವೆ. 2020ರಲ್ಲಿ ಇಪಿಎ, ಡಿಎಚ್‌ಎ ಎರಡನ್ನೂ ಬೆರೆಸಿ ಕೊಟ್ಟ ಸ್ಟ್ರೆಂತ್ ಪ್ರಯೋಗದಲ್ಲಿ ಲಾಭ ಇರಲಿಲ್ಲ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸ್ವಲ್ಪ ಹೆಚ್ಚು ಕಂಡಿತು. ಹಾಗಾಗಿ ಮಾತ್ರೆಯನ್ನು ಔಷಧಿ ಅಂತಲೇ ನೋಡಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಎಣ್ಣೆ ಬದಲಾಯಿಸಿದೆವು ಅಂತ ಸ್ಟ್ಯಾಟಿನ್ ನಿಲ್ಲಿಸಿದವರನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಮಾತ್ರೆಯ ಜಾಗಕ್ಕೆ ಬರುವುದಿಲ್ಲ.

ಪರೀಕ್ಷೆಯ ಬಗ್ಗೆ ಒಂದು ಮಾತು

ಊಟ ಬದಲಾಯಿಸಿದ ಫಲ ಎಲ್‌ಡಿಎಲ್‌ನಲ್ಲಿ ಆರರಿಂದ ಹನ್ನೆರಡು ವಾರದಲ್ಲಿ ಕಾಣುತ್ತದೆ. ಉರಿಯೂತಕ್ಕೆ ಡಾಕ್ಟರು ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಅನ್ನುವ ರಕ್ತಪರೀಕ್ಷೆ ಬರೆಯಬಹುದು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, ಮೂರಕ್ಕಿಂತ ಹೆಚ್ಚಿದ್ದರೆ ಹೆಚ್ಚು. ಆದರೆ ನೆಗಡಿ, ಹಲ್ಲುನೋವು, ಕಾಲಿನ ಗಾಯಕ್ಕೂ ಅದು ಏರಿಬಿಡುತ್ತದೆ. ಅಪ್ಪನ ಮೊದಲ ರಿಪೋರ್ಟಿನಲ್ಲಿ 11 ಅಂತ ಬಂದು ಮನೆಯವರೆಲ್ಲ ಹೆದರಿದೆವು. ವಾರದ ಹಿಂದೆ ಗದ್ದೆಯಲ್ಲಿ ನೆನೆದು ಜ್ವರ ಬಂದಿತ್ತು ಅಂತ ಅವ್ವನಿಗೆ ನೆನಪಾಗಿದ್ದು ಆಮೇಲೆ. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 2.1 ಇತ್ತು.